ಹೊಟ್ಟೆ ನಲವತ್ತಮೂರು

ಯಾವ ಗಂಡಸನ್ನಾದರೂ ತಂದು ರಸ್ತೆಯ ಆ ಬದಿಗೆ ನಿಲ್ಲಿಸಿ. ಈ ಬದಿಯಿಂದ ಒಂದೇ ಒಂದು ಸಲ ಕಣ್ಣು ಹಾಯಿಸಿ ಅವನ ಎದೆ, ಹೊಟ್ಟೆ, ತೋಳು ಮೂರನ್ನೂ ಇಂಚು ತಪ್ಪದೆ ಹೇಳಿಬಿಡುತ್ತೇನೆ ಎನ್ನುವುದು ನಮ್ಮ ಟೈಲರ್ ಮಾಸ್ಟರರ ಮೂವತ್ತು ವರ್ಷದ ಜಂಬ. ಬರೀ ಬಾಯಿಮಾತಿನ ಜಂಬವೂ ಅಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಅಳತೆ ಚೀಟಿಯ ಮೇಲೆ ಬರೆದಾಗಿರುತ್ತಿತ್ತು. "ಈ ಟೇಪು ಕೊರಳಿಗೆ ಯಾಕೆ ಹಾಕ್ಕೊಂಡಿದೀನಿ ಗೊತ್ತಾ? ಗಿರಾಕಿಗೆ ಧೈರ್ಯ ಇರ್ಲಿ ಅಂತ. ನನ್ನ ಅಳತೆ ಇರೋದು ಇಲ್ಲಿ, ಕಣ್ಣಲ್ಲಿ!" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇಂಥ ಮಹಾಕಣ್ಣಿನ ಮಾಸ್ಟರರು ಒಂದು ಸಂಜೆ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕತ್ತರಿಯನ್ನು ಮೇಲೆತ್ತಿ ಘೋರ ಪ್ರತಿಜ್ಞೆ ಮಾಡಿದರು. "ಆ ಡ್ರೈವರನ ಮರ್ಯಾದೇನ ತುಂಬಿದ ಸಭೇಲಿ ಹರಿದು ಹಾಕದಿದ್ರೆ, ನಾನು ಇನ್ನು ಈ ಕತ್ತರಿ ಮುಟ್ಟೋದೇ ಇಲ್ಲ!" ಕೇಳಿಸಿಕೊಂಡದ್ದು ಎರಡು ಹೊಲಿಗೆ ಯಂತ್ರಗಳು ಮತ್ತು ಗೋಡೆಗೆ ನೇತುಹಾಕಿದ್ದ ಏಳು ಪ್ಯಾಂಟುಗಳು. ಅವು ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಡ್ರೈವರ್ ಯಾರು, ಅವನು ಮಾಡಿದ ಪಾಪವಾದರೂ ಏನು ಅಂತ ಹೇಳಬೇಕಲ್ಲ. ಅದಕ್ಕೆ ಮೂರು ತಿಂಗಳು ಹಿಂದಕ್ಕೆ ಹೋಗಬೇಕು.

ಅಂಗಡಿಯ ಎರಡನೆಯ ಯಂತ್ರದ ಹಿಂದೆ ಕೂರುವವಳು ಮಾಸ್ಟರರ ಹೆಂಡತಿ. ಕತ್ತರಿಸುವುದು, ಹೊಲಿಯುವುದು ಅವರ ಕೆಲಸ. ಗುಂಡಿ ತೂರುವ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು ಇವಳ ಕೆಲಸ. ಒಂದು ದಿನ ಯಾರೋ ಹೆಂಗಸು ಬಂದು ಫ್ರಾಕಿನ ಬಟ್ಟೆ ಕೊಟ್ಟು, ಇಂಗ್ಲಿಷಿನಲ್ಲಿ ಏನೇನೋ ಹೇಳಿ ಹೋದಳು. ಮಾಸ್ಟರರು ಇರಲಿಲ್ಲ. ಇವಳು ಎಲ್ಲದಕ್ಕೂ ತಲೆಯಾಡಿಸಿದಳು. ತೋಳೇ ಬೇಡ ಎಂದಿದ್ದ ಫ್ರಾಕಿಗೆ ಮಣಿಕಟ್ಟಿನವರೆಗೆ ತೋಳು ಬಂತು! ಆ ಹೆಂಗಸು ಅದನ್ನು ಎತ್ತಿ ಹಿಡಿದು ನೋಡಿದ ನೋಟ ಇವಳಿಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ಮೂರನೆಯ ದಿನವೇ ಗ್ರಂಥಾಲಯದ ಮಹಡಿಯ ಮೇಲೆ ನಡೆಯುತ್ತಿದ್ದ ಇಂಗ್ಲಿಷ್ ತರಗತಿಗೆ ಹೆಸರು ಕೊಟ್ಟುಬಂದಳು.

"ಈ ವಯಸ್ಸಲ್ಲಿ ಇಂಗ್ಲಿಷಾ?" ಎಂದರು ಮಾಸ್ಟರರು.

"ನಿಮ್ಮ ವಯಸ್ಸು ಹೇಳ್ಬೇಡಿ, ನನ್ನದು ಹೇಳಿ" ಎಂದಳು ಹೆಂಡತಿ.

ಅಲ್ಲಿಯವರೆಗೂ ಪರವಾಗಿಲ್ಲ. ತರಗತಿಯ ಮೇಡಮ್ಮಿಗೆ ಒಂದು ಪದ್ಧತಿ ಇತ್ತು. ಕಲಿಯುವವರನ್ನೆಲ್ಲ ಇಬ್ಬಿಬ್ಬರಾಗಿ ಸೇರಿಸುವುದು. ಪ್ರತಿದಿನ ಸಂಜೆ ಏಳಕ್ಕೆ ಆ ಇಬ್ಬರೂ ಫೋನಿನಲ್ಲಿ ಹತ್ತು ನಿಮಿಷ ಇಂಗ್ಲಿಷಿನಲ್ಲೇ ಮಾತಾಡಬೇಕು. ನಿನ್ನೆ ಏನು ಮಾಡಿದೆ, ಈಗ ಏನು ಮಾಡುತ್ತಿದ್ದೇನೆ, ನಾಳೆ ಏನು ಮಾಡುತ್ತೇನೆ. ಮೂರೂ ಕಾಲ ನಾಲಿಗೆಗೆ ಹತ್ತಬೇಕು.

"ನಿನ್ನ ಜೊತೆಗಾರ್ತಿ ಯಾರು?" ಎಂದು ಮಾಸ್ಟರರು ನೂಲು ಪೋಣಿಸುತ್ತಾ ಕೇಳಿದರು.

"ಜೊತೆಗಾರ್ತಿ ಅಲ್ಲ ರೀ. ಬಸ್ ಡ್ರೈವರ್ರು. ಪಾಪ, ತುಂಬಾ ಒಳ್ಳೆಯವರು."

ಸೂಜಿ ಮಾಸ್ಟರರ ಹೆಬ್ಬೆರಳಿಗೆ ಚುಚ್ಚಿತು. ಪಾಪ ಅಂತೆ! ಒಳ್ಳೆಯವರಂತೆ! ಅದೂ ತುಂಬಾ ಅಂತೆ! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡನಿಗೆ ಒಂದು ದಿನ 'ಪಾಪ' ಅಂದಿದ್ದಾಳಾ ಇವಳು? ಒಂದು ದಿನ? ನಿನ್ನೆ ಏನು ಮಾಡಿದೆ ಅಂತ ಆ ಡ್ರೈವರನಿಗೆ ವರದಿ ಒಪ್ಪಿಸುತ್ತಾಳಂತೆ, ನಾಳೆ ಏನು ಮಾಡುತ್ತೇನೆ ಅಂತ ಮುಂಗಡ ಹೇಳುತ್ತಾಳಂತೆ. ತನಗೆ ಹೇಳಿದ್ದಾಳಾ ಎಂದಾದರೂ? ತಾನು ಎಂದಾದರೂ ಕೇಳಿದ್ದೇನಾ ಎಂಬ ಪ್ರಶ್ನೆಯೂ ಮಾಸ್ಟರರ ತಲೆಯ ಬಾಗಿಲಿಗೆ ಬಂದು ನಿಂತಿತ್ತು. ಅದನ್ನು ಅವರು ಒಳಗೆ ಕರೆಯಲಿಲ್ಲ.

ಸಂಜೆ ಏಳಾದರೆ ಸಾಕು, ಮಾಸ್ಟರರ ಕಿವಿ ನಿಮಿರುತ್ತಿತ್ತು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ಕಾಲರ್, ಕಫ್, ಪಾಕೆಟ್ ಅಷ್ಟೆ. ಹೆಂಡತಿ ಫೋನಿನಲ್ಲಿ "ಯೆಸ್ಟರ್ಡೇ ಐ ವಾಶ್ಡ್, ನೌ ಐ ಆಮ್ ವಾಶಿಂಗ್, ಟುಮಾರೋ ಐ ವಿಲ್ ವಾಶ್" ಎಂದು ಒಗೆದದ್ದನ್ನೇ ಒಗೆಯುತ್ತಿದ್ದರೆ, ಮಾಸ್ಟರರಿಗೆ ಮಾತು ಅರ್ಥವಾಗದಿದ್ದರೂ ನಗು ಅರ್ಥವಾಗುತ್ತಿತ್ತು. ಮೊದಲ ದಿನ ಮೂರು ಸಲ ನಕ್ಕಳು. ಎರಡನೆಯ ದಿನ ಐದು. ಮಾಸ್ಟರರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಒಂದೊಂದು ನಗುವಿಗೆ ಒಂದೊಂದು ಗೀಟು ಎಳೆಯತೊಡಗಿದರು. ಎಂಟನೆಯ ದಿನ ಒಂಬತ್ತು ಗೀಟು! ಸಿಟ್ಟಿನ ಭರದಲ್ಲಿ ಮೇಜಿನ ಮೇಲೆ ಎಳೆಯಬೇಕಾದದ್ದನ್ನು ಅಲ್ಲೇ ಹರಡಿದ್ದ ಅಂಚೆಯವನ ಅಂಗಿಯ ಜೇಬಿನ ಮೇಲೆ ಎಳೆದಿದ್ದರು. ಹೆಂಡತಿ ಬೆಳಿಗ್ಗೆ ಬಂದು, ಗುರುತು ಇದ್ದ ಕಡೆಯೆಲ್ಲ ನಿಷ್ಠೆಯಿಂದ ಕಾಜಾ ಹಾಕಿ ಮುಗಿಸಿದಳು.

"ಮಾಸ್ಟ್ರೇ, ನನ್ನ ಜೇಬಿಗೆ ಒಂಬತ್ತು ತೂತು ಯಾಕೆ?" ಎಂದು ಅಂಚೆಯವನು ಅಂಗಿ ಹಿಡಿದು ಕೇಳಿದ.

"ಗಾಳಿ ಆಡ್ಲಿ ಅಂತ. ಹೊಸ ಮಾದರಿ" ಎಂದರು ಮಾಸ್ಟರರು ಬೆವರೊರೆಸಿಕೊಂಡು.

ಕಿವಿಯೊಂದನ್ನೇ ನೆಚ್ಚಿಕೊಂಡರೆ ಆಗದು, ಕಣ್ಣೂ ಬೇಕು ಅನ್ನಿಸಿತು. ಅಂಗಡಿಯ ಮೂಲೆಯಲ್ಲಿ ಗಿರಾಕಿಗಳು ಬಟ್ಟೆ ಹಾಕಿ ನೋಡುವ, ಪರದೆ ಬಿಟ್ಟ ಗೂಡು ಒಂದಿತ್ತು. ಮರುದಿನ ಏಳಕ್ಕೆ ಐದು ನಿಮಿಷವಿರುವಾಗ ಮಾಸ್ಟರರು ಸದ್ದಿಲ್ಲದೆ ಅದರೊಳಗೆ ನುಗ್ಗಿದರು. ಒಳಗೆ ಔಷಧಿ ಅಂಗಡಿಯವರು ಒಂದು ಕಾಲು ಪ್ಯಾಂಟಿನೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿದ್ದರು.

"ಏನ್ ಮಾಸ್ಟ್ರೇ ಇದು!"

"ಶ್! ಫಿಟಿಂಗ್ ನೋಡ್ತಿದೀನಿ. ಅಲುಗಾಡ್ಬೇಡಿ."

ಪಾಪದ ಮನುಷ್ಯ ಒಂಟಿಕಾಲಲ್ಲಿ ಹತ್ತು ನಿಮಿಷ ನಿಂತ. ಪರದೆಯ ಸಂದಿಯಿಂದ ಮಾಸ್ಟರರು ಕಂಡ ದೃಶ್ಯ ಮಾತ್ರ ಎದೆ ಒಡೆಯುವಂಥದ್ದು. ಹೆಂಡತಿ ಫೋನನ್ನು ಎಡಗೈಯಲ್ಲಿ ಹಿಡಿದು, ಮಾತಾಡುತ್ತಾ ಮಾತಾಡುತ್ತಾ ಬಲಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದಳು. ಆಮೇಲೆ ಅದೇ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ಎದೆಯ ಮೇಲೆ! ಕೊನೆಗೆ ಕೈಯನ್ನು ನೀಳವಾಗಿ ಮುಂದಕ್ಕೆ ಚಾಚಿದಳು, ಯಾರನ್ನೋ ಕರೆಯುವ ಹಾಗೆ.

ಮಾಸ್ಟರರು ಪರದೆ ಕಿತ್ತುಕೊಂಡು ಹೊರಗೆ ಬಂದರು. ಔಷಧಿ ಅಂಗಡಿಯವರು ಆ ಸ್ಥಿತಿಯಲ್ಲೇ ಇಡೀ ರಸ್ತೆಗೆ ಕಾಣಿಸಿದರು.

"ಯಾರನ್ನ ಕೈ ಚಾಚಿ ಕರೀತಿದೀಯ? ಎದೆ ಮೇಲೆ ಕೈ ಇಟ್ಟು ಏನ್ ಹೇಳ್ದೆ ಅವನಿಗೆ?"

ಹೆಂಡತಿ ಫೋನಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವ್ರೇ! ಅದು ಮೇಡಮ್ ಹೇಳಿಕೊಟ್ಟಿರೋದು ರೀ. ಆಗಿ ಹೋದ ಮಾತಾದ್ರೆ ಕೈ ಹೆಗಲ ಹಿಂದೆ. ಈಗ ಆಗ್ತಿರೋದಾದ್ರೆ ಎದೆ ಮೇಲೆ. ಆಗ್ಬೇಕಾಗಿರೋದಾದ್ರೆ ಮುಂದೆ. ಕೈ ತೋರಿಸಿದ್ರೆ ಬಾಯಿಗೆ ತಾನಾಗೇ ಬರುತ್ತಂತೆ. ನಾನು ಎಲ್ಲಾದ್ರೂ ತಡವರಿಸಿದ್ರೆ ಮೇಡಮ್ಮು ಕೈ ತೋರಿಸ್ತಾರೆ, ನೆನಪಾಗಿಬಿಡುತ್ತೆ." ಆಮೇಲೆ ಪರದೆಯತ್ತ ನೋಡಿ, "ಮೊದ್ಲು ಅವರಿಗೆ ಪರದೆ ಕೊಡಿ" ಎಂದಳು.

ಇಂಗ್ಲಿಷ್ ನನಗೆ ಯಾಕೆ ಅಂತ ಮಾಸ್ಟರರು ಮೂತಿ ತಿರುಗಿಸಿದರೇನೋ ಸರಿ. ಆದರೆ ದಿನಾ ಕೇಳಿ ಕೇಳಿ, ದಿನಾ ನೋಡಿ ನೋಡಿ, ಆ ಮೂರು ಕೈಗಳು ಅವರಿಗೂ ಅಂಟಿಕೊಂಡವು. "ಅಂಗಿ ಹೊಲಿದಾಯ್ತಾ?" ಅಂತ ಗಿರಾಕಿ ಕೇಳಿದರೆ ಮಾಸ್ಟರರ ಕೈ ತಾನೇ ಮುಂದಕ್ಕೆ ಚಾಚುತ್ತಿತ್ತು.

ಮೂರು ತಿಂಗಳು ಮುಗಿಯುತ್ತ ಬಂತು. ಒಂದು ಸಂಜೆ ಹೆಂಡತಿ ಒಂದು ಚೀಟಿ ತಂದು ಮೇಜಿನ ಮೇಲೆ ಇಟ್ಟಳು.

"ಒಂದು ಕೋಟು ಹೊಲಿದುಕೊಡ್ಬೇಕು ರೀ. ನಮ್ಮ ಕ್ಲಾಸಿನ ಕೊನೇ ದಿನಕ್ಕೆ. ಅಳತೆ ಇದರಲ್ಲಿದೆ."

"ಯಾರಿಗೆ?"

"ಆಮೇಲೆ ಹೇಳ್ತೀನಿ. ಮೊದ್ಲು ಹೊಲೀರಿ. ಚೆನ್ನಾಗಿರ್ಬೇಕು, ಹಾಂ? ಅವತ್ತು ಎಲ್ಲರೂ ವೇದಿಕೆ ಹತ್ತಿ ಇಂಗ್ಲಿಷಲ್ಲಿ ಐದು ನಿಮಿಷ ಮಾತಾಡ್ಬೇಕು. ನನಗಂತೂ ಈಗ್ಲೇ ಹೆದರಿಕೆ ಆಗ್ತಿದೆ." ಹೇಳುವಾಗ ಅವಳ ಮುಖದಲ್ಲಿ ಒಂದು ತರಹದ ನಾಚಿಕೆಯ ನಗು ಇತ್ತು. ಆ ನಗುವನ್ನು ಮಾಸ್ಟರರು ಮದುವೆಯ ಹೊಸದರಲ್ಲಿ ನೋಡಿದ್ದು. ಅವರ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಯಾರಿಗೆ ಅಂತ ಬೇರೆ ಹೇಳಬೇಕೆ! ಮಾಸ್ಟರರು ಚೀಟಿ ಹಿಡಿದು ಓದಿದರು. ಎದೆ ನಲವತ್ತು. ಹೊಟ್ಟೆ ನಲವತ್ತಮೂರು! ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿಜಾರು. ಕತ್ತು ಮುಂದಕ್ಕೆ ಬಾಗಿದೆ.

"ನೋಡು, ನೋಡು!" ಎಂದು ಕುಣಿದರು ಮಾಸ್ಟರರು. "ಈ ಭುಜ ಇಳಿದಿರೋದು ನೋಡಿದ್ರೇ ಗೊತ್ತಾಗುತ್ತೆ. ಗೇರು ಎಳೆದೂ ಎಳೆದೂ ಹೀಗಾಗಿರೋದು! ಕತ್ತು ಬಾಗಿರೋದು ರಸ್ತೆ ನೋಡೀ ನೋಡೀ! ಇನ್ನು ಹೊಟ್ಟೆ ಅಂತೂ… ಎದೆಗಿಂತ ಮೂರಿಂಚು ಮುಂದೆ ಹೊರಟುಬಿಟ್ಟಿದೆ! ಇದನ್ನ ಹೊತ್ಕೊಂಡು ಆ ಮನುಷ್ಯ ಸ್ಟೀರಿಂಗ್ ಹೇಗೆ ತಿರುಗಿಸ್ತಾನೆ? ಇಂಥ ಮೈಗೆ ಕೋಟು ಬೇರೆ ಕೇಡು. ಗಾದಿಗೆ ಗವಸು ಹೊಲಿದ ಹಾಗೆ ಹೊಲಿದು ಕೊಟ್ರೆ ಸಾಕು!"

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ಡ್ರೈವರನನ್ನು ಬೈದದ್ದಕ್ಕೆ ಅಳು ಬಂದಿದೆ ಅಂತ ಮಾಸ್ಟರರು ಲೆಕ್ಕ ಹಾಕಿದರು. ಉರಿ ಇನ್ನೊಂದು ಮೊಳ ಮೇಲೇರಿತು. ಆಗಲೇ ಅವರು ಕತ್ತರಿಯೆತ್ತಿ, ಮೊದಲು ಹೇಳಿದೆನಲ್ಲ, ಆ ಪ್ರತಿಜ್ಞೆ ಮಾಡಿದ್ದು.

ಉಪಾಯವೇನು ಸಾಮಾನ್ಯದ್ದಲ್ಲ. ಕೋಟು ಹೊರಗಿನಿಂದ ರಾಜನ ಕೋಟಿನಂತೆ ಇರಬೇಕು. ಕಡುನೀಲಿ ಬಟ್ಟೆ, ಒಳಗೆ ಮಿರಮಿರ ಮಿಂಚುವ ಅಸ್ತರು, ಕಾಲರ್ ಕತ್ತಿಯಂತೆ. ಆದರೆ ಬೆನ್ನಿನ ನಡುಗೀಟಿಗೆ ಮತ್ತು ಎರಡೂ ತೋಳು ಭುಜಕ್ಕೆ ಸೇರುವಲ್ಲಿ ಗಟ್ಟಿ ಹೊಲಿಗೆ ಇಲ್ಲ! ಅಲ್ಲಿ ಬರೀ ಕಚ್ಚಾ ಹೊಲಿಗೆ. ಆಮೇಲೆ ಬಿಚ್ಚಿಬಿಡಲೆಂದು ಉದ್ದುದ್ದ ಹಾಕುವ ಆ ತಾತ್ಕಾಲಿಕ ಹೊಲಿಗೆಯೇ ಅಲ್ಲಿ ಕಾಯಂ. ಹಾಕಿದವನು ಕೈ ಇಳಿಬಿಟ್ಟುಕೊಂಡು ನಿಂತಿರುವಷ್ಟು ಹೊತ್ತು ಏನೂ ಆಗದು. ವೇದಿಕೆಯ ಮೇಲೆ 'ನಿನ್ನೆ' ಅಂತ ಕೈ ಹಿಂದಕ್ಕೆ ಎಸೆಯಲಿ, ಒಂದು ತೋಳು ಮಾಯ. 'ನಾಳೆ' ಅಂತ ಮುಂದಕ್ಕೆ ಚಾಚಲಿ, ಬೆನ್ನು ಬಟಾಬಯಲು! ಮಾಸ್ಟರರು ತಮ್ಮಷ್ಟಕ್ಕೇ ನಕ್ಕು ನಕ್ಕು ಹೊಲಿದರು.

ಕಾಜಾ ಹಾಕಲು ಕೋಟು ಹೆಂಡತಿಯ ಕೈಗೆ ಹೋದಾಗ ಮಾತ್ರ ಮಾಸ್ಟರರು ಯಂತ್ರ ನಿಲ್ಲಿಸಿ ಅವಳ ಬೆರಳನ್ನೇ ನೋಡುತ್ತಾ ಕೂತರು. ಅವಳು ಕೋಟನ್ನು ತಿರುಗಿಸಿದಳು, ಮಗುಚಿದಳು, ಬೆನ್ನ ಮೇಲೆ ಒಮ್ಮೆ ಬೆರಳಾಡಿಸಿದಳು. ಮೂರು ಕಾಜಾ ಹಾಕಿ, ಮೂರು ಗುಂಡಿ ಹಚ್ಚಿ, ಮಡಿಸಿ ಚೀಲಕ್ಕೆ ಇಟ್ಟಳು.

"ನೀವೂ ಬರ್ಬೇಕು ರೀ ಅವತ್ತು" ಎಂದಳು.

"ಬರ್ತೀನಿ! ಎಲ್ಲರಿಗಿಂತ ಮೊದ್ಲು ಬರ್ತೀನಿ! ಮುಂದಿನ ಸಾಲಲ್ಲೇ ಕೂತ್ಕೋತೀನಿ!" ಎಂದರು ಮಾಸ್ಟರರು.

ಕೊನೆಯ ದಿನ ಬಂತು. ಮಾಸ್ಟರರು ಎಂದಿನ ಹಳೇ ಅಂಗಿಯಲ್ಲೇ ಹೊರಟರು. ಊರಿಗೆಲ್ಲ ಹೊಲಿಯುವವರ ಕಾಲರ್ ಅಂಚು ಮಾತ್ರ ಪಿಸಿದು ನೂಲು ನೂಲಾಗಿತ್ತು. ಗ್ರಂಥಾಲಯದ ಮಹಡಿಯ ತುಂಬ ಕುರ್ಚಿಗಳು, ಕುರ್ಚಿಗಳ ತುಂಬ ಜನ. ಬಾಗಿಲಲ್ಲೇ ಒಬ್ಬ ವ್ಯಕ್ತಿ ಎದ್ದು ಬಂದು ಕೈ ಮುಗಿದ.

"ಮಾಸ್ಟ್ರು ಅಲ್ವಾ? ನಾನು ಬಸ್ ಡ್ರೈವರ್. ನಿಮ್ಮ ವಿಷಯ ದಿನಾ ಕೇಳಿ ಕೇಳಿ, ನಿಮ್ಮನ್ನ ನೋಡಿದ ಹಾಗೇ ಇತ್ತು. ಔಷಧಿ ಅಂಗಡಿಯವರು ಹೇಗಿದ್ದಾರೆ? ಜೇಬಿಗೆ ಗಾಳಿ ಆಡ್ಲಿ ಅಂದ್ರಂತೆ, ನಕ್ಕೂ ನಕ್ಕೂ ಬಸ್ಸು ನಿಲ್ಲಿಸಿಬಿಟ್ಟೆ!"

ಆ ನಗುವೆಲ್ಲ ಯಾರ ಮೇಲಿನದು ಅಂತ ತಿಳಿದು ನಾಚುವುದಕ್ಕೂ ಮಾಸ್ಟರರಿಗೆ ಪುರುಸೊತ್ತಾಗಲಿಲ್ಲ. ಯಾಕೆಂದರೆ ಅವರ ಕಣ್ಣು ಅಭ್ಯಾಸಬಲದಿಂದ ತನ್ನ ಕೆಲಸ ಮಾಡಿ ಮುಗಿಸಿತ್ತು. ಎದೆ ಮೂವತ್ತನಾಲ್ಕು! ಹೊಟ್ಟೆ ಇಪ್ಪತ್ತೆಂಟು! ಭುಜ ಎರಡೂ ಸಮ! ಈ ಕಡ್ಡಿಯಂಥ ಮನುಷ್ಯನಿಗೆ ಆ ಕೋಟು ಹಾಕಿದರೆ ಒಳಗೆ ಇನ್ನೊಬ್ಬ ಕಂಡಕ್ಟರನನ್ನೂ ಕೂರಿಸಬಹುದು. ಹಾಗಾದರೆ ಕೋಟು ಯಾರದ್ದು?

"ಕೈ ಹಿಂದಕ್ಕೆ ಕೊಡಿ ರೀ" ಎಂದಳು ಹೆಂಡತಿ ಬೆನ್ನ ಹಿಂದಿನಿಂದ. ಚೀಲದಿಂದ ನೀಲಿ ಕೋಟು ಹೊರಬಂದಿತ್ತು. "ಯಾರ ಬಗ್ಗೆ ಮಾತಾಡ್ತೀವೋ ಅವರನ್ನ ಎದುರಿಗೇ ಕೂರಿಸಿಕೊಂಡು ಮಾತಾಡ್ಬೇಕು ಅಂತ ಮೇಡಮ್ಮಿನ ನಿಯಮ. ನಾನು ನಿಮ್ಮ ಬಗ್ಗೆ ಮಾತಾಡೋದು. ಈ ಹರಕು ಕಾಲರಲ್ಲಿ ಕೂತ್ರೆ ಚೆನ್ನಾಗಿರುತ್ತಾ? ಮಧ್ಯಾಹ್ನ ನೀವು ಕುರ್ಚೀಲಿ ತೂಕಡಿಸುವಾಗ ಅಳತೆ ತಗೊಂಡೆ."

ಮಾಸ್ಟರರಿಗೆ ಆ ಚೀಟಿ ನೆನಪಾಯಿತು. ಬಲಭುಜ ಅರ್ಧ ಇಂಚು ಇಳಿಜಾರು: ಮೂವತ್ತು ವರ್ಷ ಕತ್ತರಿ ಹಿಡಿದದ್ದಕ್ಕೆ. ಕತ್ತು ಮುಂದಕ್ಕೆ: ಮೂವತ್ತು ವರ್ಷ ಯಂತ್ರದ ಮೇಲೆ ಬಾಗಿದ್ದಕ್ಕೆ. ಇನ್ನು ಆ ಹೊಟ್ಟೆ… ಜಗತ್ತನ್ನೆಲ್ಲ ಅಳೆದ ಮಹಾಕಣ್ಣು ತನ್ನ ಮೈಯನ್ನು ಒಂದು ದಿನವೂ ಅಳೆದಿರಲಿಲ್ಲ. ಕೋಟು ಹುಟ್ಟುವಾಗಲೇ ಹಾಕಿಕೊಂಡು ಬಂದಂತೆ ಕೂತಿತು. ಬೆನ್ನ ನಡುವೆ ಎಲ್ಲೋ 'ಟಿಕ್' ಎಂದು ಒಂದು ಹೊಲಿಗೆ ಬಿಟ್ಟದ್ದು ಅವರೊಬ್ಬರಿಗೇ ಕೇಳಿಸಿತು.

ಅಲ್ಲಿಂದ ಶುರುವಾಯಿತು ನೋಡಿ ಮಾಸ್ಟರರ ಅವಸ್ಥೆ! ಎರಡೂ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ಕೂತರು. ಮೇಡಮ್ಮು ಬಂದು ಕೈ ಕುಲುಕಲು ಕೈ ಚಾಚಿದರೆ ಇವರು ತಲೆಯನ್ನು ಚಾಚಿದರು. ಯಾರೋ ಚಹಾ ತಂದರೆ, "ಇಲ್ಲಿ ಬಾಯಿ ಹತ್ರ ಹಿಡೀರಿ" ಎಂದರು. ಪ್ರತಿಯೊಬ್ಬರ ಭಾಷಣಕ್ಕೂ ಎಲ್ಲರೂ ಚಪ್ಪಾಳೆ ತಟ್ಟಿದರೆ ಇವರು ಕಾಲಿನಿಂದ ನೆಲ ತಟ್ಟಿದರು. "ನಿಮ್ಮ ಯಜಮಾನ್ರಿಗೆ ಎಷ್ಟು ಶಿಸ್ತು!" ಎಂದು ಪಕ್ಕದ ಹೆಂಗಸು ಹೆಂಡತಿಗೆ ಹೇಳಿದಳು.

ಹೆಂಡತಿಯ ಸರದಿ ಬಂತು. ವೇದಿಕೆ ಹತ್ತಿ, ಕೈಯಲ್ಲಿದ್ದ ಕಾಗದವನ್ನು ಬಿಡಿಸಿ ಹಿಡಿದಳು.

"ಮೈ ಹಸ್ಬೆಂಡ್ ಈಸ್ ಎ ಟೈಲರ್" ಎಂದು ಶುರು ಮಾಡಿದಳು. ಮೂರು ತಿಂಗಳು ಕದ್ದು ಕೇಳಿದ ಪುಣ್ಯಕ್ಕೆ ಮಾಸ್ಟರರಿಗೆ ಒಂದೊಂದು ಮಾತೂ ಅರ್ಥವಾಗುತ್ತಾ ಹೋಯಿತು. ಅವಳು ಕೈಯನ್ನು ಹೆಗಲ ಹಿಂದಕ್ಕೆ ಎಸೆದಳು: ಮೂವತ್ತು ವರ್ಷ ಊರಿಗೆಲ್ಲ ಹೊಲಿದರು, ತಮಗೆ ಒಂದು ಕೋಟೂ ಹೊಲಿದುಕೊಳ್ಳಲಿಲ್ಲ, ನನಗೆ ಜ್ವರ ಬಂದಾಗ ನನ್ನ ಕಾಜಾಗಳನ್ನೂ ತಾವೇ ಹಾಕಿದರು, ಕೇಳಿದರೆ ಇಲ್ಲ ಅಂದರು. ಕೈಯನ್ನು ಎದೆಗೆ ತಂದಳು: ಈಗ ಮೊದಲ ಸಲ ಹೊಸ ಕೋಟು ಹಾಕಿಕೊಂಡು ನನ್ನೆದುರು ಕೂತಿದ್ದಾರೆ. ಮಾಸ್ಟರರ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎತ್ತುವ ಹಾಗಿಲ್ಲ. ನೀರು ಮೂಗಿನ ತುದಿಯವರೆಗೆ ಇಳಿದು ಅಲ್ಲೇ ತೂಗಾಡಿತು. ಇಂಥವಳ ಮೇಲೆ ತಾನು ಅನುಮಾನ ಪಟ್ಟೆನಲ್ಲ, ತನ್ನಂಥ ಮೂರ್ಖ ಉಂಟೇ ಎಂದು ಒಳಗೊಳಗೇ ತಲೆ ಚಚ್ಚಿಕೊಂಡರು.

"ಟುಮಾರೋ…" ಎಂದಳು ಹೆಂಡತಿ. ನಿಂತಳು.

"ಟುಮಾರೋ… ಹಿ…"

ಮುಂದಿನದು ಬರಲಿಲ್ಲ. ಕಾಗದ ನೋಡಿದಳು, ಅಕ್ಷರ ಕಾಣಲಿಲ್ಲ. ಕಿವಿ ಕೆಂಪಾಯಿತು. ಮೂರು ತಿಂಗಳ ಕಲಿಕೆ ಆ ಒಂದು ಮಾತಿನ ಮೇಲೆ ನಿಂತಿತ್ತು. ಆ ಉದ್ದ ತೋಳಿನ ಫ್ರಾಕಿನ ದಿನ ಕಂಡಿದ್ದ ಅದೇ ಮುಖವನ್ನು ಮಾಸ್ಟರರು ಕಂಡರು. ಕೈಯೊಂದನ್ನು ತೋರಿಸಿದರೆ ಸಾಕು, ಬಂದುಬಿಡುತ್ತದೆ! ಆದರೆ ಕೈ ಎತ್ತಿದರೆ ಕೋಟು ಹೋಯಿತು, ಕೋಟಿನ ಜೊತೆ ತನ್ನ ಬಂಡವಾಳವೂ ಬಯಲಾಯಿತು. ಮಾಸ್ಟರರು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಓರೆಗಣ್ಣಿಗೆ ಏನೋ ಕಂಡಿತು. ಎರಡನೆಯ ಸಾಲಿನಿಂದ, ಸಣ್ಣಗೆ, ಮೆಲ್ಲಗೆ, ಡ್ರೈವರನ ಕೈ ಮೇಲೇಳುತ್ತಿತ್ತು!

ನನ್ನ ಹೆಂಡತಿಗೆ ನಾಳೆ ತೋರಿಸೋಕೆ ಇವನ್ಯಾರು!

ಮಾಸ್ಟರರು ಕುರ್ಚಿಯಿಂದ ಚಂಗನೆ ಎದ್ದರು. ಬಲಗೈಯನ್ನು ಹೆಗಲ ಹಿಂದಕ್ಕೆ ಬೀಸಿದರು: ಪರ್! ಬಲತೋಳು ಕಳಚಿ ಮೊಣಕೈಗೆ ಬಂತು. ಎದೆಗೆ ತಂದರು. ಆಮೇಲೆ ಎರಡೂ ಕೈಗಳನ್ನು, ಒಂದು ಸಾಲದು ಅಂತ ಎರಡನ್ನೂ, ಉದ್ದಕ್ಕೆ ಮುಂದಕ್ಕೆ ಚಾಚಿದರು: ಪರ್‍ರ್‍ರ್‍ರ್! ಕಾಲರಿನಿಂದ ಅಂಚಿನವರೆಗೆ ಬೆನ್ನು ಎರಡು ಹೋಳಾಗಿ, ಮಾಸ್ಟರರು ನೀಲಿ ರೆಕ್ಕೆ ಬಿಚ್ಚಿದ ಹದ್ದಿನ ಹಾಗೆ ಸಭೆಯ ನಡುವೆ ನಿಂತರು. ಎಡತೋಳು ಸದ್ದಿಲ್ಲದೆ ಜಾರಿ ಡ್ರೈವರನ ಮಡಿಲಿಗೆ ಬಿತ್ತು.

ಆಮೇಲೆ ವೇದಿಕೆಯ ಮೇಲಿಂದ ಒಂದು ನಗು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುತ್ತಲೇ ಕೈ ಮುಂದೆ ಚಾಚಿ, ಒಂದಿಷ್ಟೂ ತಡವರಿಸದೆ ಗಟ್ಟಿಯಾಗಿ ಹೇಳಿದಳು. "ಟುಮಾರೋ, ಹಿ ವಿಲ್ ಸ್ಟಿಚ್ ಇಟ್ ಎಗೇನ್!"

ಚಪ್ಪಾಳೆಗೆ ಮಹಡಿ ಅದುರಿತು. ಮಾಸ್ಟರರೂ ತಟ್ಟಿದರು. ಇನ್ನು ಹರಿಯಲು ಏನು ಉಳಿದಿತ್ತು!

ಮಾರನೆಯ ದಿನ ಅಂಗಡಿಯಲ್ಲಿ ಮಾಸ್ಟರರು ತಲೆ ತಗ್ಗಿಸಿಕೊಂಡು ಕೋಟನ್ನು ಹೊಲಿಯುತ್ತಾ ಕೂತಿದ್ದರು. ಈ ಸಲ ಎರಡೆರಡು ಗಟ್ಟಿ ಹೊಲಿಗೆ. ಮೆಲ್ಲಗೆ ಬಾಯಿ ಬಿಟ್ಟರು. "ಬಟ್ಟೆ ಸ್ವಲ್ಪ ಜಾಳಾಗಿತ್ತು ಅನ್ಸುತ್ತೆ…"

"ಸುಮ್ನಿರಿ. ಕಾಜಾ ಹಾಕುವಾಗಲೇ ಕಚ್ಚಾ ಹೊಲಿಗೆ ನೋಡಿದೆ. ಯಾರಿಗೆ ಅಂತ ಹಾಕಿದ್ರಿ ಅಂತಾನೂ ಗೊತ್ತಾಯ್ತು."

"ಗೊತ್ತಿದ್ದೂ ನನಗೇ ತೊಡಿಸಿದ್ಯಾ!"

"ಮತ್ತೆ? ಅನುಮಾನ ಹೊಲಿದವರು ನೀವು, ತೊಡೋರು ಯಾರು? ಕೈ ಕಟ್ಕೊಂಡು ಕೂತಿದ್ರೆ ಏನೂ ಆಗ್ತಿರ್ಲಿಲ್ಲ. ನಾನು ತಡವರಿಸಿದ್ರೆ ನನಗೋಸ್ಕರ ಕೈ ಎತ್ತುತ್ತೀರಾ ಇಲ್ವಾ ನೋಡೇ ಬಿಡೋಣ ಅನ್ಸ್ತು." ದಾರವನ್ನು ಹಲ್ಲಿನಿಂದ ಕಡಿದಳು. "ಎತ್ತಿದ್ರಿ."

ಮಾಸ್ಟರರ ಮುಖ ಅರಳಿತು. ಎದೆ ಉಬ್ಬಿತು. ಡ್ರೈವರನ ಕೈ ಕಂಡ ಮೇಲೆಯೇ ತನ್ನ ಕೈ ಎದ್ದದ್ದು ಎಂಬುದನ್ನು ಅವರು ಹೇಳಲಿಲ್ಲ. ಅಳತೆಯ ಚೀಟಿಯನ್ನು ಹತ್ತಿರ ಎಳೆದುಕೊಂಡು, ಮೂವತ್ತು ವರ್ಷದಲ್ಲಿ ಮೊದಲ ಸಲ ಕಣ್ಣನ್ನು ನಂಬದೆ ಟೇಪು ಹಿಡಿದು ಬೆನ್ನಿನ ಬಟ್ಟೆ ಅಳೆಯತೊಡಗಿದರು.

"ರೀ, ಹೊಟ್ಟೆ ಹತ್ರ ಇನ್ನೊಂದಿಂಚು ಜಾಸ್ತಿ ಬಿಡಿ" ಎಂದಳು ಹೆಂಡತಿ, ಕಾಜಾದಿಂದ ತಲೆ ಎತ್ತದೆ. "ಗವಸು ಬಿಗಿಯಾದ್ರೆ ಗಾದಿಗೆ ಉಸಿರು ಕಟ್ಟುತ್ತೆ."